ಔಷಧಿ ಇಲ್ಲದ ಜ್ವರಕ್ಕೆ ಪರೀಕ್ಷೆ ಯಾಕೆ?

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಆಶಾ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು ಮತ್ತು ಕಾಫಿ ತೋಟದಲ್ಲಿ ಹಾಜರಿ ಬರೆಯುವ ರೈಟರ್‌ಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಜಪಾನೀಸ್ ಎನ್ಸೆಫಲೈಟಿಸ್ (ಜೆಇ), ಅಂದರೆ ನಾವು ಮೆದುಳು ಜ್ವರ ಅಂತ ಕರೆಯುವ ಕಾಯಿಲೆಗೆ, ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಫಿಟ್ಸ್ ನಿಲ್ಲಿಸಬಹುದು, ಉಸಿರಾಟಕ್ಕೆ ನೆರವು ಕೊಡಬಹುದು, ಮೆದುಳಿನ ಊತ ನೋಡಿಕೊಳ್ಳಬಹುದು. ಅಷ್ಟೇ. ಹಾಗಿದ್ದರೆ ಜ್ವರದಲ್ಲಿ ಪ್ರಜ್ಞೆ ತಪ್ಪಿದ ಮಗುವಿನ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದು, ಅದನ್ನು ಐಸ್ ಡಬ್ಬದಲ್ಲಿಟ್ಟು ಘಾಟಿ ಇಳಿಸಿ ಕಳಿಸುವುದು ಯಾಕೆ? ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಅದೇ ಅಲ್ವಾ? ಈ ಪ್ರಶ್ನೆಯನ್ನು ತಾಯಂದಿರು ಕೇಳುತ್ತಾರೆ. ಕೆಲವು ಸಲ ಡಾಕ್ಟರುಗಳೂ ಕೇಳುತ್ತಾರೆ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಇವತ್ತಿನ ಮಾತೆಲ್ಲ ಈ ಪ್ರಶ್ನೆಗೆ ಉತ್ತರ ಅಂದುಕೊಳ್ಳಿ.

ಮೊದಲು ಕಾಯಿಲೆಯ ಬಗ್ಗೆ ಸ್ವಲ್ಪ. ಇದು ಸೊಳ್ಳೆಯಿಂದ ಬರುವ ವೈರಸ್. ಡೆಂಗಿ, ಝೀಕಾ, ವೆಸ್ಟ್ ನೈಲ್, ನಮ್ಮ ಮಲೆನಾಡಿನ ಮಂಗನ ಕಾಯಿಲೆ, ಇವೆಲ್ಲದರ ವೈರಸ್‌ಗಳೂ ಇದಕ್ಕೆ ಹತ್ತಿರದ ನೆಂಟರು. ಈ ನೆಂಟಸ್ತಿಕೆ ಲ್ಯಾಬಿನಲ್ಲಿ ನಮಗೆ ಕೊಡುವ ತೊಂದರೆಯ ಬಗ್ಗೆ ಆಮೇಲೆ ಹೇಳುತ್ತೇನೆ. 1935ರಲ್ಲಿ ಜಪಾನಿನಲ್ಲಿ ತೀರಿಹೋದ ಒಬ್ಬ ರೋಗಿಯ ಮೆದುಳಿನಿಂದ ಇದನ್ನು ಬೇರ್ಪಡಿಸಿದರು. ಹೆಸರು ಅಲ್ಲಿಂದ ಬಂತು. ನಮ್ಮ ದೇಶದಲ್ಲಿ 1955ರಲ್ಲಿ ವೆಲ್ಲೂರು ಕಡೆ ಮನುಷ್ಯರಲ್ಲಿ ಮೊದಲು ಕಾಣಿಸಿತು. ಕರ್ನಾಟಕಕ್ಕೂ ಇದು ಹೊಸದಲ್ಲ. 1970ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆಯಲ್ಲಿ ದೊಡ್ಡದಾಗಿ ಬಂದಿತ್ತು.

ಇದನ್ನು ಹರಡುವುದು ಕ್ಯೂಲೆಕ್ಸ್ ಸೊಳ್ಳೆ. ಡೆಂಗಿಯ ಸೊಳ್ಳೆ ಹೂಕುಂಡದಲ್ಲಿ, ಹಳೇ ಟೈರಿನಲ್ಲಿ ಬೆಳೆದು ಹಗಲು ಕಚ್ಚುತ್ತದೆ. ಇದು ಹಾಗಲ್ಲ. ನೀರು ನಿಂತ ಗದ್ದೆಯಲ್ಲಿ ಬೆಳೆಯುತ್ತದೆ, ಮುಸ್ಸಂಜೆಯಿಂದ ಬೆಳಗಿನ ತನಕ ಕಚ್ಚುತ್ತದೆ, ಅದೂ ಜಾಸ್ತಿ ಮನೆಯ ಹೊರಗೆ. ನಾಟಿ ಕಾಲದಿಂದ ಕೈಲ್ ಮುಹೂರ್ತ ಕಳೆದು ಹುತ್ತರಿಯ ಕಡೆ ಹೋಗುವ ತಿಂಗಳುಗಳಲ್ಲಿ ನಮ್ಮ ಗದ್ದೆಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತಲ್ಲ. ಈ ಸೊಳ್ಳೆಗೆ ಬೇಕಾದ್ದೂ ಅದೇ. ಗದ್ದೆಯಲ್ಲಿ ಓಡಾಡುವ ಬೆಳ್ಳಕ್ಕಿ, ಬಕ ಪಕ್ಷಿಗಳು ವೈರಸ್ಸನ್ನು ಹೊತ್ತುಕೊಂಡಿರುತ್ತವೆ. ಸೊಳ್ಳೆ ಅವುಗಳನ್ನು ಕಚ್ಚಿ ಹಂದಿಯನ್ನು ಕಚ್ಚಿದರೆ, ಹಂದಿಯ ರಕ್ತದಲ್ಲಿ ವೈರಸ್ ಕೆಲವು ದಿನ ಜೋರಾಗಿ ಬೆಳೆಯುತ್ತದೆ. ಹಂದಿ ನೋಡಲು ಆರಾಮವಾಗಿಯೇ ಇರುತ್ತದೆ. ಗಬ್ಬದ ಹಂದಿಯಾದರೆ ಮಾತ್ರ ಸತ್ತ ಮರಿ ಹಾಕಬಹುದು. ಹಂದಿ ಸಾಕುವವರು ಇಲ್ಲಿದ್ದರೆ ಇದನ್ನು ನೆನಪಿಡಿ. ಒಂದೇ ಕಾಲದಲ್ಲಿ ಸತ್ತ ಮರಿಗಳು ಹುಟ್ಟುತ್ತಿದ್ದರೆ ಪಶು ವೈದ್ಯರಿಗೆ ಹೇಳಿ.

ದನಗಳನ್ನೂ ಈ ಸೊಳ್ಳೆ ಬಹಳ ಕಚ್ಚುತ್ತದೆ. ಆದರೆ ದನದ ರಕ್ತದಲ್ಲಿ ವೈರಸ್ ಸಾಕಷ್ಟು ಬೆಳೆಯುವುದಿಲ್ಲ. ಮನುಷ್ಯರಲ್ಲೂ ಅಷ್ಟೇ. ರಕ್ತದಲ್ಲಿ ಬಹಳ ಕಡಿಮೆ, ಅದೂ ಕೆಲವೇ ದಿನ. ಆದ್ದರಿಂದ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಇದು ಹೋಗುವುದಿಲ್ಲ, ಸೊಳ್ಳೆಯ ಮೂಲಕವೂ ಹೋಗುವುದಿಲ್ಲ. ಇದು ಒಳ್ಳೆಯ ಸುದ್ದಿ. ಆದರೆ ಪರೀಕ್ಷೆ ಮಾಡುವವರಿಗೆ ಕಷ್ಟ ಹುಟ್ಟುವುದು ಇದೇ ಕಾರಣಕ್ಕೆ.

ಕೋವಿಡ್ ಬಂದಮೇಲೆ ಎಲ್ಲರಿಗೂ ಪಿಸಿಆರ್ ಗೊತ್ತು. ವೈರಸ್ಸಿನ ತುಣುಕು ಇದ್ದರೆ ಅದನ್ನು ಕೋಟಿಗಟ್ಟಲೆ ಮಾಡಿ ಕಂಡುಹಿಡಿಯುವ ಪರೀಕ್ಷೆ. ಇಲ್ಲಿಯೂ ಅದನ್ನೇ ಮಾಡಿ ಅಂತ ಜನ ಹೇಳುತ್ತಾರೆ. ಮಾಡಬಹುದು. ಆದರೆ ಮಗು ಮಂಕಾಗಿ, ಫಿಟ್ಸ್ ಬಂದು ಆಸ್ಪತ್ರೆಗೆ ಬರುವ ಹೊತ್ತಿಗೆ ರಕ್ತದಲ್ಲಿದ್ದ ವೈರಸ್ ಹೆಚ್ಚೂಕಡಿಮೆ ಖಾಲಿಯಾಗಿರುತ್ತದೆ. ಅದು ಮೆದುಳಿನೊಳಗೆ ಸೇರಿರುತ್ತದೆ. ಪಿಸಿಆರ್ ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ಅದರಿಂದ ಏನೂ ತೀರ್ಮಾನ ಮಾಡುವಂತಿಲ್ಲ. ಈ ಕಾಯಿಲೆಯಲ್ಲಿ ನೆಗೆಟಿವ್ ಬರುವುದೇ ಜಾಸ್ತಿ.

ಹಾಗಾಗಿ ನಾವು ವೈರಸ್ಸಿನ ಬದಲು, ಅದಕ್ಕೆ ದೇಹ ಕೊಟ್ಟ ಪ್ರತಿಕ್ರಿಯೆಯನ್ನು ಹುಡುಕುತ್ತೇವೆ. ಹೊಸ ಸೋಂಕು ತಗಲಿದಾಗ ದೇಹ ಮೊದಲು ತಯಾರಿಸುವ ಪ್ರತಿಕಾಯಕ್ಕೆ ಐಜಿಎಂ ಅಂತ ಹೆಸರು. ಬೆನ್ನಿನ ನೀರಿನಲ್ಲಿ, ಅಂದರೆ ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರಿನಲ್ಲಿ, ಇದು ಸಾಮಾನ್ಯವಾಗಿ ಕಾಯಿಲೆ ಶುರುವಾದ ನಾಲ್ಕನೇ ದಿನದ ಹೊತ್ತಿಗೆ ಸಿಗುತ್ತದೆ. ರಕ್ತದಲ್ಲಿ ಸಿಗಲು ಏಳನೇ ದಿನದವರೆಗೆ ಕಾಯಬೇಕಾಗಬಹುದು. ಒಮ್ಮೆ ಬಂದರೆ ಒಂದರಿಂದ ಮೂರು ತಿಂಗಳು ಉಳಿಯುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು.

ಈ ದಿನಗಳ ಲೆಕ್ಕವನ್ನು ದಯವಿಟ್ಟು ಗಮನಿಸಿ. ಜ್ವರ ಬಂದ ಎರಡನೇ ದಿನ ತೆಗೆದ ರಕ್ತ ನೆಗೆಟಿವ್ ಬಂದರೆ ಮೆದುಳು ಜ್ವರ ಇಲ್ಲ ಅಂತ ಅರ್ಥವಲ್ಲ. ದೇಹ ಇನ್ನೂ ಪ್ರತಿಕಾಯ ಮಾಡಿಲ್ಲ, ಅಷ್ಟೇ. ಆದರೆ ಆ ಕಾಗದವನ್ನು ಫೈಲಿಗೆ ಹಾಕಿ "ಜೆಇ ನೆಗೆಟಿವ್" ಅಂತ ಬರೆದುಬಿಟ್ಟರೆ ಮುಂದೆ ನೋಡುವ ಡಾಕ್ಟರ್ ಅದನ್ನೇ ನಂಬುತ್ತಾರೆ. ಅದಕ್ಕೇ ಮೊದಲ ಸ್ಯಾಂಪಲ್ ಬೇಗ ತೆಗೆದಿದ್ದರೆ ಹತ್ತನೇ ದಿನದ ಹೊತ್ತಿಗೆ, ಅಥವಾ ಡಿಸ್ಚಾರ್ಜ್ ಮಾಡುವಾಗ, ಇನ್ನೊಂದು ರಕ್ತದ ಸ್ಯಾಂಪಲ್ ತೆಗೆಯಬೇಕು ಅನ್ನುವುದು ನಿಯಮ. ಪುಸ್ತಕದಲ್ಲಿ ಇದೆ. ನಡೆಯುವುದು ಅಪರೂಪ.

ಬೆನ್ನಿನ ನೀರಿನ ವಿಷಯಕ್ಕೆ ಬರೋಣ. ಇದರ ಹೆಸರು ಕೇಳಿದರೆ ಮನೆಯವರು ಹೆದರುತ್ತಾರೆ. ಸೊಂಟ ಬಿದ್ದುಹೋಗುತ್ತದೆ, ಮಗು ನಡೆಯುವುದಿಲ್ಲ, ಅಂತೆಲ್ಲ ಮಾತು ಇದೆ. ಸೂಜಿ ಹಾಕುವ ಜಾಗ ಬೆನ್ನುಹುರಿ ಮುಗಿದ ನಂತರದ ಜಾಗ, ಸೊಂಟದ ಕೆಳಭಾಗದಲ್ಲಿ ಎರಡು ಮೂಳೆಗಳ ನಡುವೆ. ಅಲ್ಲಿ ನೀರಿನಲ್ಲಿ ತೇಲುವ ನರಗಳ ಎಳೆಗಳು ಮಾತ್ರ ಇರುತ್ತವೆ. ದೊಡ್ಡವರ ದೇಹದಲ್ಲಿ ಈ ನೀರು ಸುಮಾರು 150 ಮಿಲಿಲೀಟರ್ ಇರುತ್ತದೆ, ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಹುಟ್ಟುತ್ತದೆ. ನಾವು ಕೇಳುವುದು ಎರಡು ಮೂರು ಮಿಲಿಲೀಟರ್. ತೆಗೆದಮೇಲೆ ಕೆಲವರಿಗೆ ತಲೆನೋವು ಬರಬಹುದು. ಮೆದುಳಿನೊಳಗೆ ಒತ್ತಡ ಹೆಚ್ಚಾಗಿರುವ ಅನುಮಾನ ಇದ್ದರೆ ಡಾಕ್ಟರೇ ತಡೆಯುತ್ತಾರೆ, ಸ್ಕ್ಯಾನ್ ಮಾಡಿ ನೋಡುತ್ತಾರೆ. ಹಾಗಾಗಿ ಡಾಕ್ಟರ್ ತೆಗೆಯೋಣ ಅಂದಾಗ ಮನೆಯವರಿಗೆ ಧೈರ್ಯ ಹೇಳಿ. ಇದನ್ನು ಆಶಾ ಅಕ್ಕಂದಿರು ಹೇಳಿದರೆ ಕೇಳುವಷ್ಟು ನಾವು ಹೇಳಿದರೆ ಕೇಳುವುದಿಲ್ಲ.

ಆ ಎರಡು ಮಿಲಿಲೀಟರ್ ಹೇಳುವ ವಿಷಯ ಬಹಳ. ನೀರು ಮಸುಕಾಗಿದ್ದು, ಬಿಳಿ ರಕ್ತಕಣ ಸಾವಿರಗಟ್ಟಲೆ ಇದ್ದು, ಸಕ್ಕರೆ ಇಳಿದಿದ್ದರೆ ಅದು ಬ್ಯಾಕ್ಟೀರಿಯಾದ ಮೆನಿಂಜೈಟಿಸ್, ಅಂದರೆ ಮೆದುಳಿನ ಹೊದಿಕೆಯ ಸೋಂಕು, ಇರಬಹುದು. ಆಗ ಆಂಟಿಬಯಾಟಿಕ್‌ಗೆ ಒಂದು ಗಂಟೆಯೂ ತಡ ಮಾಡುವಂತಿಲ್ಲ. ನೀರು ತಿಳಿಯಾಗಿದ್ದು, ಕಣಗಳು ಹತ್ತರಿಂದ ಕೆಲವು ನೂರು ಇದ್ದು, ಸಕ್ಕರೆ ಸರಿಯಾಗಿದ್ದರೆ ವೈರಸ್ ಕಡೆ ಯೋಚನೆ ಹೋಗುತ್ತದೆ. ಇದಕ್ಕೆ ದೊಡ್ಡ ಲ್ಯಾಬು ಬೇಡ. ಸೂಕ್ಷ್ಮದರ್ಶಕ, ಕೈ ಪಳಗಿದ ಟೆಕ್ನಿಷಿಯನ್, ಒಂದು ಗಂಟೆ ಸಮಯ ಸಾಕು. ಒಂದು ಸಣ್ಣ ವಿಷಯ. ಬೆನ್ನಿನ ನೀರಿನ ಸಕ್ಕರೆಯನ್ನು ಅದೇ ಹೊತ್ತಿನ ರಕ್ತದ ಸಕ್ಕರೆ ಜೊತೆ ಹೋಲಿಸಬೇಕು. ಎರಡನ್ನೂ ಒಟ್ಟಿಗೇ ತೆಗೆಯದಿದ್ದರೆ ಆ ಅಂಕಿ ಸುಮ್ನೆ ಕಾಗದದ ಮೇಲೆ ಇರುತ್ತದೆ.

ಇನ್ನು ಐಜಿಎಂ ಹುಡುಕುವ ಎಲೈಸಾ ಪರೀಕ್ಷೆ. ಸರ್ಕಾರದ ಲ್ಯಾಬುಗಳಲ್ಲಿ ಬಳಸುವ ಕಿಟ್ ತಯಾರಿಸುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ. 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರ ಅಂತ ಶುರುವಾದ ಸಂಸ್ಥೆ ಅದು. ನಮ್ಮ ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಕಡೆಯಿಂದ ಪತ್ತೆಹಚ್ಚಿದವರೂ ಅವರೇ.

ಒಂದು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಳಿಗಳು. ಗುಳಿಯ ತಳದಲ್ಲಿ ಮನುಷ್ಯರ ಐಜಿಎಂ ಅನ್ನು ಹಿಡಿದುಕೊಳ್ಳುವ ಪ್ರೋಟೀನ್ ಅಂಟಿಸಿರುತ್ತಾರೆ. ರೋಗಿಯ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ನೀರು) ಅಥವಾ ಬೆನ್ನಿನ ನೀರು ಹಾಕಿದರೆ ಅದರಲ್ಲಿರುವ ಐಜಿಎಂ ಎಲ್ಲ, ಯಾವ ಕಾಯಿಲೆಯದೇ ಆಗಲಿ, ತಳಕ್ಕೆ ಸಿಕ್ಕಿಕೊಳ್ಳುತ್ತದೆ. ತೊಳೆಯುತ್ತೇವೆ. ಆಮೇಲೆ ಜೆಇ ವೈರಸ್ಸಿನ ಆಂಟಿಜೆನ್, ಅಂದರೆ ಪ್ರತಿಕಾಯ ಹಿಡಿದುಕೊಳ್ಳುವ ವೈರಸ್ಸಿನ ಭಾಗ, ಹಾಕುತ್ತೇವೆ. ಸಿಕ್ಕಿಕೊಂಡ ಐಜಿಎಂನಲ್ಲಿ ಜೆಇಗೆ ಸೇರಿದ್ದು ಇದ್ದರೆ ಮಾತ್ರ ಆಂಟಿಜೆನ್ ಅಲ್ಲಿ ನಿಲ್ಲುತ್ತದೆ, ಇಲ್ಲದಿದ್ದರೆ ಮುಂದಿನ ತೊಳೆತದಲ್ಲಿ ಹೋಗುತ್ತದೆ. ನಿಂತ ಆಂಟಿಜೆನ್‌ಗೆ ಅಂಟುವ ಇನ್ನೊಂದು ಪ್ರತಿಕಾಯ, ಅದಕ್ಕೆ ಅಂಟುವ ಕಿಣ್ವ, ಕಿಣ್ವ ಬಣ್ಣ ಬದಲಿಸುವ ರಾಸಾಯನಿಕ. ಪಾಸಿಟಿವ್ ಇದ್ದರೆ ಗುಳಿ ನೀಲಿಯಾಗುತ್ತದೆ. ಆಸಿಡ್ ಹಾಕಿ ನಿಲ್ಲಿಸಿದರೆ ಹಳದಿಗೆ ತಿರುಗುತ್ತದೆ. ಆ ಹಳದಿ ಎಷ್ಟು ಗಾಢ ಅಂತ ಯಂತ್ರ ಓದುತ್ತದೆ. ಪ್ರತಿ ತಟ್ಟೆಯಲ್ಲೂ ಖಚಿತ ಪಾಸಿಟಿವ್ ಮತ್ತು ಖಚಿತ ನೆಗೆಟಿವ್ ಸ್ಯಾಂಪಲ್‌ಗಳನ್ನು ಜೊತೆಗೆ ಓಡಿಸುತ್ತೇವೆ. ಅವು ಸರಿಯಾಗಿ ಬರದಿದ್ದರೆ ಇಡೀ ತಟ್ಟೆಯ ಫಲಿತಾಂಶ ಬಿಟ್ಟು ಮತ್ತೆ ಮಾಡಬೇಕು.

ನಾಲ್ಕೈದು ಗಂಟೆಯ ಕೆಲಸ ಇದು. ಹಾಗಾದರೆ ರಿಪೋರ್ಟ್ ಬರಲು ಯಾಕೆ ದಿನಗಟ್ಟಲೆ? ಒಂದು ಸ್ಯಾಂಪಲ್‌ಗೋಸ್ಕರ ತಟ್ಟೆ ತೆರೆದರೆ ಈ ಖಚಿತ ಸ್ಯಾಂಪಲ್, ಅಂದರೆ ಕಂಟ್ರೋಲ್‌ಗಳಿಗೆ ಆಗುವ ಖರ್ಚೇ ಜಾಸ್ತಿ. ಅದಕ್ಕೆ ಲ್ಯಾಬುಗಳು ಇನ್ನಷ್ಟು ಸ್ಯಾಂಪಲ್ ಬರಲಿ ಅಂತ ಕಾಯುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. ತಟ್ಟೆಯನ್ನು ಪಟ್ಟಿಗಳಾಗಿ ಬಿಡಿಸಿ ಬೇಕಾದಷ್ಟೇ ಬಳಸುವ ಅನುಕೂಲ ಇದೆ. ಮಗು ಐಸಿಯುನಲ್ಲಿ ಇರುವಾಗ ತಟ್ಟೆ ತುಂಬಲು ಕಾಯುವುದು ಲೆಕ್ಕ ಇಲಾಖೆಯ ಬುದ್ಧಿ.

ಈಗ ನೆಂಟಸ್ತಿಕೆಯ ತೊಂದರೆ. ಒಂದೇ ಒಕ್ಕದವರ ಮುಖದಲ್ಲಿ ಹೋಲಿಕೆ ಇರುವಂತೆ ಡೆಂಗಿ, ವೆಸ್ಟ್ ನೈಲ್, ಜೆಇ ವೈರಸ್‌ಗಳ ಮೈಮೇಲಿನ ಪ್ರೋಟೀನ್‌ಗಳಲ್ಲೂ ಹೋಲಿಕೆ ಇದೆ. ಡೆಂಗಿಗೆ ಹುಟ್ಟಿದ ಪ್ರತಿಕಾಯ ಜೆಇ ಆಂಟಿಜೆನ್ನನ್ನೂ ಸ್ವಲ್ಪ ಹಿಡಿದುಕೊಳ್ಳಬಹುದು. ಡೆಂಗಿ ಕಾಲದಲ್ಲಿ ಒಂದೇ ರಕ್ತ ಎರಡೂ ಕಿಟ್‌ನಲ್ಲಿ ಪಾಸಿಟಿವ್ ಬರುತ್ತದೆ. ಆಗ ಯಾವುದರಲ್ಲಿ ಜಾಸ್ತಿ ಗಾಢ ಅಂತ ನೋಡುತ್ತೇವೆ. ಅದರಲ್ಲೂ ಬಗೆಹರಿಯದಿದ್ದರೆ ನ್ಯೂಟ್ರಲೈಸೇಷನ್ ಪರೀಕ್ಷೆ. ಜೀವಂತ ವೈರಸ್ಸನ್ನು ರೋಗಿಯ ಸೀರಂ ಜೊತೆ ಬೆರೆಸಿ ಜೀವಕೋಶಗಳ ಪದರದ ಮೇಲೆ ಬಿಡುತ್ತಾರೆ. ಸೀರಂನಲ್ಲಿ ಆ ವೈರಸ್ಸಿಗೇ ಹುಟ್ಟಿದ ಪ್ರತಿಕಾಯ ಇದ್ದರೆ ವೈರಸ್ ಜೀವಕೋಶಗಳನ್ನು ಕೊಲ್ಲಲಾರದು. ಪದರದಲ್ಲಿ ಬಿದ್ದ ತೂತುಗಳನ್ನು ಎಣಿಸುತ್ತಾರೆ. ಬಹಳ ನಂಬಿಕೆಯ ಪರೀಕ್ಷೆ. ಆದರೆ ದಿನಗಳು ಹಿಡಿಯುತ್ತವೆ, ಜೀವಂತ ವೈರಸ್ ಇಟ್ಟುಕೊಳ್ಳುವ ಸುರಕ್ಷಿತ ಲ್ಯಾಬು ಬೇಕು. ದೇಶದಲ್ಲಿ ಕೆಲವೇ ಕಡೆ ಆಗುತ್ತದೆ.

ರಕ್ತದ ಪಾಸಿಟಿವ್‌ಗೆ ಇನ್ನೊಂದು ಕೊರತೆಯೂ ಇದೆ. ಈ ವೈರಸ್ ತಗಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ತೀವ್ರ ಕಾಯಿಲೆ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಉಳಿದವರಿಗೆ ಸಣ್ಣ ಜ್ವರ, ಅಥವಾ ಏನೂ ಇಲ್ಲ. ಹೀಗೆ ಗೊತ್ತಿಲ್ಲದೆ ಸೋಂಕು ಬಂದುಹೋದ ಮಗುವಿಗೆ ಮುಂದಿನ ತಿಂಗಳು ಬೇರೆ ಯಾವುದೋ ಕಾರಣಕ್ಕೆ ಮೆದುಳಿನ ಕಾಯಿಲೆ ಬಂದರೆ? ರಕ್ತದಲ್ಲಿ ಹಳೆಯ ಐಜಿಎಂ ಇನ್ನೂ ಇರುತ್ತದೆ. ಇತ್ತೀಚೆಗೆ ಲಸಿಕೆ ಹಾಕಿಸಿದ್ದರೂ ಇರುತ್ತದೆ. ಬೆನ್ನಿನ ನೀರಿನಲ್ಲಿ ಐಜಿಎಂ ಸಿಕ್ಕರೆ ಮಾತ್ರ, ಇದು ಮೆದುಳಿನ ಹತ್ತಿರವೇ ನಡೆದ ಯುದ್ಧ ಅಂತ ಧೈರ್ಯವಾಗಿ ಹೇಳಬಹುದು. ಅದಕ್ಕೇ ಆ ನೀರಿಗೆ ಅಷ್ಟು ಹಟ ಮಾಡುತ್ತೇವೆ.

ಇದರಲ್ಲಿ ಎಡವಿದರೆ ಏನಾಗುತ್ತದೆ ಅನ್ನುವುದಕ್ಕೆ ಮಲೇಷ್ಯಾದ ಕಥೆ ಹೇಳಬೇಕು. ಹಂದಿ ಸಾಕುವ ನಾಡಿನಲ್ಲಿ ಇದನ್ನು ಹೇಳದೆ ಹೋದರೆ ನನಗೆ ಸಮಾಧಾನ ಇಲ್ಲ. 1998ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪೆರಾಕ್ ಪ್ರಾಂತ್ಯದಲ್ಲಿ ಹಂದಿ ಫಾರ್ಮ್‌ಗಳ ಜನರಿಗೆ ಜ್ವರ, ತಲೆನೋವು, ಆಮೇಲೆ ಪ್ರಜ್ಞೆ ತಪ್ಪುವುದು ಶುರುವಾಯಿತು. ಹಂದಿ ಇದೆ, ಸೊಳ್ಳೆ ಇದೆ, ಮೆದುಳು ಜ್ವರ ಇದೆ. ಕೆಲವರ ರಕ್ತದಲ್ಲಿ ಜೆಇ ಪ್ರತಿಕಾಯವೂ ಸಿಕ್ಕಿತು. ಸರಿ, ಜೆಇ ಅಂತ ತೀರ್ಮಾನವಾಯಿತು. ಸೊಳ್ಳೆಗೆ ಹೊಗೆ ಹಾಕಿದರು, ಜನರಿಗೆ ಲಸಿಕೆ ಹಾಕಿದರು. ಕಾಯಿಲೆ ನಿಲ್ಲಲಿಲ್ಲ.

ಗಮನಿಸಿ ನೋಡಿದವರಿಗೆ ಕೆಲವು ವಿಷಯ ಹೊಂದುತ್ತಿರಲಿಲ್ಲ. ಜೆಇ ಸಾಮಾನ್ಯವಾಗಿ ಮಕ್ಕಳಿಗೆ ಬರುತ್ತದೆ, ಇಲ್ಲಿ ಬಂದದ್ದು ದೊಡ್ಡವರಿಗೆ. ಸೊಳ್ಳೆ ಎಲ್ಲರನ್ನೂ ಕಚ್ಚುತ್ತದೆ, ಇಲ್ಲಿ ಬಿದ್ದವರು ಹಂದಿಯನ್ನು ಕೈಯಿಂದ ಮುಟ್ಟಿ ಕೆಲಸ ಮಾಡುವವರು. ಲಸಿಕೆ ಹಾಕಿಸಿಕೊಂಡವರಿಗೂ ಬಂತು. ಹಂದಿಗಳೂ ಕೆಮ್ಮಿ ಕೆಮ್ಮಿ ಬೀಳುತ್ತಿದ್ದವು. 1999ರ ಮಾರ್ಚ್‌ನಲ್ಲಿ ಮಲಯಾ ವಿಶ್ವವಿದ್ಯಾಲಯದ ವಿಜ್ಞಾನಿ ಚುವಾ ಕಾ ಬಿಂಗ್ ಒಬ್ಬ ರೋಗಿಯ ಬೆನ್ನಿನ ನೀರನ್ನು ಜೀವಕೋಶಗಳ ಮೇಲೆ ಬೆಳೆಸಿದರು. ಬೆಳೆದದ್ದು ಜೆಇ ಆಗಿರಲಿಲ್ಲ. ಅದನ್ನು ಅಮೆರಿಕದ ಫೋರ್ಟ್ ಕಾಲಿನ್ಸ್‌ನ ಲ್ಯಾಬಿಗೆ ತೆಗೆದುಕೊಂಡು ಹೋಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೇರೆಯೇ ಕುಟುಂಬದ ವೈರಸ್ ಕಂಡಿತು. ಅದೇ ನಿಪಾ. ಮಲೇಷ್ಯಾದಲ್ಲಿ 265 ಜನರಿಗೆ ಕಾಯಿಲೆ ಬಂದು 105 ಜನ ತೀರಿಕೊಂಡರು. ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಂದರು. ಮೊದಲ ತಿಂಗಳುಗಳಲ್ಲೇ ಸರಿಯಾದ ಹೆಸರು ಸಿಕ್ಕಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

ನಿಪಾ ನಮಗೆ ದೂರದ್ದಲ್ಲ. 2018ರಲ್ಲಿ ಕೋಝಿಕ್ಕೋಡ್‌ಗೆ ಬಂತು. ಕುಟ್ಟದಿಂದ ವಯನಾಡು ದಾಟಿದರೆ ಕೋಝಿಕ್ಕೋಡ್. ಅಲ್ಲಿ ಒಂದೇ ಮನೆಯಲ್ಲಿ ಒಬ್ಬರಾದಮೇಲೆ ಒಬ್ಬರಿಗೆ ಬಂದಿದ್ದನ್ನು ನೋಡಿ ಡಾಕ್ಟರುಗಳು ಬೇಗ ಅನುಮಾನಪಟ್ಟರು. ಮಣಿಪಾಲದ ಲ್ಯಾಬಿನಲ್ಲಿ ಪತ್ತೆಯಾಯಿತು, ಪುಣೆ ಖಚಿತಪಡಿಸಿತು. ಇಂಥ ಅನುಮಾನ ಇದ್ದರೆ ಡಾಕ್ಟರ್ ಅದನ್ನು ಸ್ಯಾಂಪಲ್ ಜೊತೆ ಕಳಿಸುವ ಫಾರ್ಮ್‌ನಲ್ಲಿ ಬರೆಯಬೇಕು, ಫೋನ್ ಮಾಡಿಯೂ ಹೇಳಬೇಕು. ಆ ಟ್ಯೂಬನ್ನು ಮಾಮೂಲಿ ಟ್ಯೂಬಿನಂತೆ ನಾವು ತೆರೆಯಬಾರದು.

ಈಗ ಮೊದಲ ಪ್ರಶ್ನೆಗೆ ಉತ್ತರ ಕಾಣಿಸುತ್ತಿರಬೇಕು. ಮೆದುಳು ಜ್ವರಕ್ಕೆ ಔಷಧಿ ಇಲ್ಲ, ನಿಜ. ಆದರೆ ಮೆದುಳು ಜ್ವರದಂತೆ ಕಾಣುವ ಎಷ್ಟೋ ಕಾಯಿಲೆಗಳಿಗೆ ಇದೆ. ಹರ್ಪಿಸ್ ವೈರಸ್ಸಿನ ಮೆದುಳು ಸೋಂಕಿಗೆ ಅಸೈಕ್ಲೊವಿರ್ ಇದೆ. ಕ್ಷಯದ ಮೆನಿಂಜೈಟಿಸ್‌ಗೆ, ಮಲೇರಿಯಾಗೆ ಔಷಧಿ ಇದೆ. ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಇದೆ, ಅಗ್ಗದ ಮಾತ್ರೆಗಳು.

ಗೋರಖ್‌ಪುರದ ಹೆಸರು ನೀವೆಲ್ಲ ಕೇಳಿದ್ದೀರಿ. 2005ರಲ್ಲಿ ಅಲ್ಲಿ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಜೆಇಯಿಂದ ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಸತ್ತರು. ಮಾರನೇ ವರ್ಷದಿಂದ ಲಸಿಕೆ ಶುರುವಾಯಿತು. ಜೆಇ ಕಡಿಮೆಯಾಯಿತು. ಆದರೆ ಪ್ರತಿ ಮಳೆಗಾಲ ಮಕ್ಕಳು ಅದೇ ರೀತಿ ಬರುತ್ತಲೇ ಇದ್ದರು, ಜೆಇ ಪರೀಕ್ಷೆ ನೆಗೆಟಿವ್. ಆ ನೆಗೆಟಿವ್ ಸ್ಯಾಂಪಲ್‌ಗಳನ್ನು ಎಸೆಯದೆ ಮುಂದಕ್ಕೆ ಪರೀಕ್ಷಿಸಿದಾಗ, 2015ರ ಸುಮಾರಿಗೆ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸ್ಕ್ರಬ್ ಟೈಫಸ್ ಪ್ರತಿಕಾಯ ಸಿಕ್ಕಿತು. ಪೊದೆ, ಹುಲ್ಲಿನಲ್ಲಿರುವ ಸಣ್ಣ ನುಸಿಯ ಮರಿ ಕಚ್ಚಿ ಬರುವ ಕಾಯಿಲೆ ಅದು. ಕಾಡು, ಪೊದೆ, ಹುಲ್ಲಿನ ನಡುವೆ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಇದೆಯಾ ನೋಡಿ. ನೋವಿಲ್ಲದ ಕಲೆ, ರೋಗಿಗೇ ಗೊತ್ತಿರುವುದಿಲ್ಲ.

ಬಿಹಾರದ ಮುಜಫ್ಫರ್‌ಪುರದ್ದು ಇನ್ನೂ ವಿಚಿತ್ರ. ಲಿಚಿ ಹಣ್ಣಿನ ಕಾಲದಲ್ಲಿ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಸಾಯುತ್ತಿದ್ದರು. ಜ್ವರ ಬಹಳ ಮಕ್ಕಳಲ್ಲಿ ಇರಲೇ ಇಲ್ಲ. ವೈರಸ್ಸಿಗೆ ಹುಡುಕಿ ಹುಡುಕಿ ಸಿಗಲಿಲ್ಲ. ಬೆನ್ನಿನ ನೀರಿನಲ್ಲಿ ಕಣಗಳೂ ಹೆಚ್ಚಿರಲಿಲ್ಲ. ಆದರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. 2014ರ ತನಿಖೆಯಲ್ಲಿ ಲಿಚಿಯಲ್ಲಿರುವ ಸಹಜ ವಿಷ, ಜೊತೆಗೆ ರಾತ್ರಿ ಊಟ ಮಾಡದೆ ಮಲಗುವುದು, ಇವೆರಡೂ ಕಾರಣ ಅಂತ ಕಂಡಿತು. ಬೇಕಾಗಿದ್ದು ತಕ್ಷಣ ಗ್ಲೂಕೋಸ್, ಮತ್ತು ರಾತ್ರಿ ಒಂದು ಊಟ. ನೂರಾರು ನೆಗೆಟಿವ್ ರಿಪೋರ್ಟುಗಳು ಒಟ್ಟಾಗಿ ಅಲ್ಲಿಗೆ ಕರೆದುಕೊಂಡು ಹೋದವು.

ಇನ್ನು ಪಾಸಿಟಿವ್ ಬಂದರೆ ಅದು ಆ ಮಗುವಿನ ವಿಷಯ ಮಾತ್ರ ಆಗಿ ಉಳಿಯುವುದಿಲ್ಲ. ಆ ಗದ್ದೆಯ ಸುತ್ತ ವೈರಸ್ ಓಡಾಡುತ್ತಿದೆ ಅಂತ ಅರ್ಥ. ಯಾವ ಜಿಲ್ಲೆಯ ಮಕ್ಕಳಿಗೆ ಲಸಿಕೆ ಹಾಕಬೇಕು ಅನ್ನುವ ತೀರ್ಮಾನ ಆಗುವುದು ಇಂಥ ರಿಪೋರ್ಟುಗಳ ಮೇಲೆ. 2022ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಇನ್ನೂ 10 ಜಿಲ್ಲೆಗಳಲ್ಲಿ ಲಸಿಕೆ ಅಭಿಯಾನ ನಡೆಯಿತು. ಸ್ಯಾಂಪಲ್ ಕಳಿಸದ ಜಿಲ್ಲೆಯಲ್ಲಿ ಕಾಯಿಲೆ ಇಲ್ಲ ಅಂತಲೇ ದಾಖಲಾಗುತ್ತದೆ. ಕೋಲಾರದ ಒಂದು ಸ್ಯಾಂಪಲ್ ಬಗ್ಗೆ ಹೇಳಲೇಬೇಕು. 1980ರ ದಶಕದ ಆರಂಭದಲ್ಲಿ ಅಲ್ಲಿನ ರೋಗಿಯೊಬ್ಬರಿಂದ ಬೇರ್ಪಡಿಸಿ ಎನ್‌ಐವಿಯಲ್ಲಿ ಜೋಪಾನವಾಗಿಟ್ಟಿದ್ದ ವೈರಸ್ ತಳಿಯಿಂದಲೇ ಜೆನ್‌ವ್ಯಾಕ್ ಅನ್ನುವ ದೇಶೀ ಲಸಿಕೆ ತಯಾರಾಯಿತು. 2013ರಲ್ಲಿ ಬಿಡುಗಡೆಯಾಯಿತು. ಆ ಟ್ಯೂಬಿಗೆ ಹೆಸರು ಬರೆದವರಿಗೆ ಇದು ಗೊತ್ತಿರಲು ಸಾಧ್ಯವಿಲ್ಲ.

ಸ್ಯಾಂಪಲ್ ಸಾಗಿಸುವ ವಿಷಯ ಬೇಗ ಮುಗಿಸುತ್ತೇನೆ, ಊಟದ ಹೊತ್ತಾಯಿತು. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು ಸೀರಂ ಬೇರೆ ಮಾಡಿ, ಬೆನ್ನಿನ ನೀರಿನ ಟ್ಯೂಬ್ ಜೊತೆ 2ರಿಂದ 8 ಡಿಗ್ರಿಯಲ್ಲಿ ಕಳಿಸಬೇಕು. ಸೀರಂ ಬೇರೆ ಮಾಡದ ರಕ್ತವನ್ನು ಫ್ರೀಜರಿಗೆ ಹಾಕಬೇಡಿ, ರಕ್ತಕಣ ಒಡೆದು ಎಲ್ಲ ಕೆಂಪಾಗುತ್ತದೆ. ನಮ್ಮ ಜಿಲ್ಲೆಗೆ ರೈಲಿಲ್ಲ. ಬೆಂಗಳೂರು ಮಡಿಕೇರಿಯಿಂದ ಸುಮಾರು 250 ಕಿಲೋಮೀಟರ್. ರಾಜ್ಯಕ್ಕೆ ಈ ಕಾಯಿಲೆಯ ಮೇಲ್ಮಟ್ಟದ ಲ್ಯಾಬ್ ಇರುವುದು ಅಲ್ಲಿನ ನಿಮ್ಹಾನ್ಸ್‌ನಲ್ಲಿ. ಜುಲೈ ಆಗಸ್ಟ್‌ನಲ್ಲಿ ಮರ ಬಿದ್ದು, ಗುಡ್ಡ ಜಾರಿ ರಸ್ತೆ ನಿಲ್ಲುತ್ತದೆ, ಕರೆಂಟ್ ಹೋದರೆ ದಿನಗಟ್ಟಲೆ ಇಲ್ಲ. ಅಂಥ ದಿನ ಫ್ರಿಜ್ಜನ್ನು ಸುಮ್ನೆ ನಂಬಬೇಡಿ. ಐಸ್ ಪ್ಯಾಕ್ ತುಂಬಿದ ಲಸಿಕೆ ಡಬ್ಬ ಅದಕ್ಕಿಂತ ಚೆನ್ನಾಗಿ ಕಾಪಾಡುತ್ತದೆ.

ಇದಕ್ಕಿಂತ ಮುಖ್ಯ ಫಾರ್ಮ್. ಜ್ವರ ಯಾವ ದಿನ ಶುರುವಾಯಿತು, ಸ್ಯಾಂಪಲ್ ಯಾವ ದಿನ ತೆಗೆದರು, ಜೆಇ ಲಸಿಕೆ ಹಾಕಿಸಿದ್ದಾರಾ, ಯಾವಾಗ. ಈ ಮೂರು ಖಾಲಿ ಇದ್ದರೆ ನಮ್ಮ ಪಾಸಿಟಿವ್‌ಗೂ ನೆಗೆಟಿವ್‌ಗೂ ಅರ್ಥ ಹೇಳುವುದು ಕಷ್ಟ. ಜ್ವರದ ದಿನಾಂಕ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮನೆಗೆ ಹೋಗುವ ಆಶಾ ಅಕ್ಕನಿಗೆ, ಶಾಲೆಗೆ ಯಾವ ದಿನದಿಂದ ಬಂದಿಲ್ಲ ಅಂತ ಹಾಜರಿ ಪುಸ್ತಕ ನೋಡುವ ಟೀಚರ್‌ಗೆ, ಲೈನ್ ಮನೆಯವರು ಯಾವ ದಿನ ಕೆಲಸಕ್ಕೆ ಇಳಿಯಲಿಲ್ಲ ಅಂತ ಚೆಕ್‌ರೋಲ್ ಬರೆಯುವ ರೈಟರ್‌ಗೆ ಗೊತ್ತಿರುತ್ತದೆ. ನಿಮ್ಮನ್ನೇ ಕರೆದದ್ದು ಅದಕ್ಕೆ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಪಂದಿ ಕರಿ ತಿಂದರೆ ಬರುತ್ತದಾ ಅಂತ ಹಿಂದಿನ ಸಾಲಿನಿಂದ ನಗುತ್ತಲೇ ಕೇಳಿದರು. ಇಲ್ಲ. ಚೆನ್ನಾಗಿ ಬೆಂದ ಮಾಂಸದಿಂದ ಜೆಇ ಬರುವುದಿಲ್ಲ, ಆರಾಮಾಗಿ ತಿನ್ನಿ. ಹಂದಿ ಗೂಡು ಮನೆಗೆ ಅಂಟಿಕೊಂಡಿದ್ದರೆ ದೂರ ಮಾಡಿ, ಸಂಜೆ ಮೇಲೆ ಮಕ್ಕಳನ್ನು ಸೊಳ್ಳೆಪರದೆಯೊಳಗೆ ಮಲಗಿಸಿ.

ಅಸ್ಸಾಮಿನಿಂದ ಬಂದ ಕೆಲಸದವರು ಈ ಕಾಯಿಲೆ ತರುತ್ತಾರಾ ಅಂತ ಇನ್ನೊಬ್ಬರು ಕೇಳಿದರು. ಈ ಮಾತು ತೋಟಗಳಲ್ಲಿ ಓಡಾಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಅಸ್ಸಾಮಿನಲ್ಲಿ ಜೆಇ ಹೆಚ್ಚು, ಅಲ್ಲಿನ ಕೆಲವು ಜಿಲ್ಲೆಗಳಲ್ಲಿ ದೊಡ್ಡವರಿಗೂ ಲಸಿಕೆ ಹಾಕಿದ್ದಾರೆ. ಆದರೆ ಮನುಷ್ಯರ ರಕ್ತದಿಂದ ಸೊಳ್ಳೆಗೆ ಈ ವೈರಸ್ ಹೋಗುವುದಿಲ್ಲ ಅಂತ ಆಗಲೇ ಹೇಳಿದೆ. ಅವರು ತರುವುದಿಲ್ಲ, ಹರಡುವುದೂ ಇಲ್ಲ. ಊರಿಗೆ ಹೋಗಿ ಬಂದ ಎರಡು ವಾರದೊಳಗೆ ಜ್ವರ ಬಂದರೆ ಆ ಪ್ರಯಾಣವನ್ನು ಫಾರ್ಮ್‌ನಲ್ಲಿ ಬರೆಯಿರಿ. ಸೋಂಕು ಇಲ್ಲಿಯದಾ ಅಲ್ಲಿಯದಾ ಅಂತ ನೋಡಲು ಬೇಕು.

ನಮ್ಮದು ಎತ್ತರದ ಜಾಗ, ಚಳಿ, ಇಲ್ಲಿಗೆ ಬರುತ್ತದಾ? ಎತ್ತರಕ್ಕೆ ಹೋದಂತೆ ಈ ಸೊಳ್ಳೆ ಕಡಿಮೆ, ನಿಜ. ಆದರೆ ನೇಪಾಳದ ಕಠ್ಮಂಡು ಕಣಿವೆ ಮಡಿಕೇರಿಗಿಂತ ಎತ್ತರದಲ್ಲಿದೆ, ಸುಮಾರು 1,300 ಮೀಟರ್. ಅಲ್ಲೂ ಜೆಇ ಕಂಡಿದೆ.

ಖಾಸಗಿ ಲ್ಯಾಬಿನಲ್ಲಿ ದುಡ್ಡು ಕೊಟ್ಟು ಮಾಡಿಸಿದರೆ ಬೇಗ ಆಗುತ್ತದಲ್ಲ ಅಂತ ಒಬ್ಬ ತಂದೆ ಕೇಳಿದರು. ಒಂದೇ ಬೆನ್ನಿನ ನೀರಿನಲ್ಲಿ ಹತ್ತಾರು ರೋಗಾಣುಗಳನ್ನು ಹುಡುಕುವ ಪಿಸಿಆರ್ ಪ್ಯಾನೆಲ್‌ಗಳು ಬಂದಿವೆ. ಹರ್ಪಿಸ್‌ಗೆ, ಬ್ಯಾಕ್ಟೀರಿಯಾಗೆ ಅವು ಒಳ್ಳೆಯವು. ಆದರೆ ಹೊರದೇಶದಲ್ಲಿ ತಯಾರಾದ ಹಲವು ಪ್ಯಾನೆಲ್‌ಗಳಲ್ಲಿ ಜೆಇ ಇರುವುದೇ ಇಲ್ಲ, ಇದ್ದರೂ ಪಿಸಿಆರ್‌ನ ಮಿತಿ ಆಗಲೇ ಹೇಳಿದ್ದೇ. ದುಬಾರಿ ರಿಪೋರ್ಟಿನಲ್ಲಿ ಎಲ್ಲ ನೆಗೆಟಿವ್ ಅಂತ ಬಂದರೆ, ಯಾವ ಯಾವ ಕಾಯಿಲೆಗೆ ನೋಡಿದ್ದಾರೆ ಅಂತ ಪಟ್ಟಿ ಓದಿ. ಅದು ಮಾಡಿಸಿದರೂ ಐಜಿಎಂ ಪರೀಕ್ಷೆಗೆ ಸ್ವಲ್ಪ ನೀರು ಉಳಿಸಿ ಸರ್ಕಾರದ ವ್ಯವಸ್ಥೆಗೆ ಕಳಿಸಿ, ಅಲ್ಲಿ ದುಡ್ಡು ಕೊಡಬೇಕಿಲ್ಲ.

ಕೊನೆಯ ಪ್ರಶ್ನೆ ಒಬ್ಬ ಆಶಾ ಅಕ್ಕನದು. ಮಗು ಹುಷಾರಾಗಿ ಮನೆಗೆ ಬಂದಮೇಲೆ ಎರಡನೇ ರಕ್ತಕ್ಕೆ ಕರೆದರೆ ಮನೆಯವರು ಬರುವುದಿಲ್ಲ, ಏನು ಮಾಡುವುದು ಅಂತ. ಕರೆಯಬೇಡಿ. ಡಿಸ್ಚಾರ್ಜ್ ದಿನವೇ, ಮಗು ಇನ್ನೂ ಮಂಚದ ಮೇಲಿರುವಾಗಲೇ ತೆಗೆಯಲು ವಾರ್ಡಿನ ಸಿಸ್ಟರಿಗೆ ನೆನಪು ಮಾಡಿ. ಅದು ತಪ್ಪಿಹೋದರೆ ಫಾರ್ಮ್‌ನಲ್ಲಿ ಮನೆಯವರ ಫೋನ್ ನಂಬರ್ ಜೊತೆ ನಿಮ್ಮದನ್ನೂ ಬರೆಯಿರಿ. ನಡೆಯುವುದರಲ್ಲಿ, ಮಾತಿನಲ್ಲಿ, ಓದಿನಲ್ಲಿ ಏನಾದರೂ ವ್ಯತ್ಯಾಸ ಆಗಿದೆಯಾ ಅಂತ ಆ ಮಗುವನ್ನು ಹೇಗೂ ಮತ್ತೆ ನೋಡಬೇಕಾಗುತ್ತದೆ. ಆ ದಿನ ರಕ್ತವನ್ನೂ ತೆಗೆದುಕೊಳ್ಳಬಹುದು.